ಹೊತ್ತುಗೊತ್ತಿಲ್ಲದ ದುಡಿಮೆ

ಸಾಫ್ಟ್‌ವೇರ್ ಕಚೇರಿಗಳಲ್ಲಿ ದುಡಿಯುವವರ ಕೆಲಸದ ವೇಳೆಯನ್ನು ಹೆಚ್ಚಿಸಬೇಕೆಂಬ ಮಾತು ಎರಡು ವರ್ಷಗಳಲ್ಲಿ ಎರಡು ಸಲ ಕರ್ನಾಟಕ ಸರಕಾರದವರ ಮುಂದೆ ಬಂದಿತು. ೨೦೨೪ರ ಜುಲೈ ತಿಂಗಳಲ್ಲಿ ಬಂದ ಪ್ರಸ್ತಾಪವು ದಿನಕ್ಕೆ ಹನ್ನೆರಡು ಗಂಟೆಗೂ ಮೀರಿ ದುಡಿಸಿಕೊಳ್ಳಲು ಎಡೆಗೊಡುವಂಥದಾಗಿತ್ತು. ನೌಕರರ ಸಂಘದವರು ಅದನ್ನು ಬಲವಾಗಿ ವಿರೋಧಿಸಿದರು. ವರ್ಷ ತುಂಬುವ ಮೊದಲೇ, ೨೦೨೫ರ ಜೂನ್‌ನಲ್ಲಿ, ಅದೇ ಮಾತು ಬೇರೆ ಉಡುಪು ತೊಟ್ಟು ಮರಳಿ ಬಂದಿತು. ಈ ಸಲ ಅದು ಸಾಫ್ಟ್‌ವೇರ್ ಕಚೇರಿಗಳಿಗೆ ಮಾತ್ರವೇ ಅಲ್ಲದೆ ಅಂಗಡಿ ಮುಂಗಟ್ಟುಗಳೆಲ್ಲಕ್ಕೂ ಅನ್ವಯಿಸುವಂತಿತ್ತು. ಅದೇ ವರ್ಷ ನೆರೆಯ ತೆಲಂಗಾಣ ಸರಕಾರದವರು ವಾಣಿಜ್ಯ ಸಂಸ್ಥೆಗಳಲ್ಲಿ ದಿನದ ದುಡಿಮೆಯ ಮಿತಿಯನ್ನು ಹತ್ತು ಗಂಟೆಗೆ ಏರಿಸಿದರು. ಎರಡು ಸಲ ತಲೆಯೆತ್ತಿದ ಪ್ರಸ್ತಾಪವು ಮೂರನೆಯ ಸಲ ತಲೆಯೆತ್ತದೆಂದು ನಂಬಿ ಕುಳಿತಿರುವುದು ವಿವೇಕವಲ್ಲ. ಆದುದರಿಂದ ಈ ವಿಷಯವನ್ನು ಆವೇಶವಿಲ್ಲದೆ, ಲೆಕ್ಕ ಹಾಕಿ ನೋಡುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಈ ನೌಕರನ ಬಗ್ಗೆ ನಮ್ಮ ಜನರಲ್ಲಿ ಒಂದು ಕಲ್ಪನೆ ಬೇರೂರಿದೆ. ಅವನು ತಂಪು ಕೋಣೆಯಲ್ಲಿ, ತಿರುಗುವ ಕುರ್ಚಿಯ ಮೇಲೆ ಕುಳಿತಿರುವನು. ಕಾಫಿ ತಿಂಡಿಗಳು ಅವನಿದ್ದಲ್ಲಿಗೇ ಬರುವುವು. ತಿಂಗಳ ಕೊನೆಗೆ ಲಕ್ಷಗಟ್ಟಲೆ ಸಂಬಳ. ಅವನು ಕಾಲಿಟ್ಟ ಬಡಾವಣೆಯಲ್ಲಿ ಮನೆಬಾಡಿಗೆ ಏರುವುದು. ಇಂಥವನಿಗೆ ಗಿರಣಿಯ ಕೂಲಿಕಾರನಿಗೆ ಬೇಕಾದ ಕಾಯಿದೆಯ ರಕ್ಷಣೆ ಏಕೆ ಬೇಕು? ವಿದ್ಯಾವಂತರಾದ ನಮ್ಮ ಅಧಿಕಾರಿಗಳಲ್ಲಿಯೂ ಹಲವರು ಹೀಗೆ ಕೇಳುವುದನ್ನು ನಾವು ಬಲ್ಲೆವು. ಈ ಕಲ್ಪನೆಯಲ್ಲಿ ನಿಜದ ಅಂಶ ಇಲ್ಲದಿಲ್ಲ. ಅನುಭವಿಗಳಾದ ಕೆಲವರ ಸಂಬಳ ದೊಡ್ಡದು. ಕೆಲವು ವಿದೇಶೀ ಸಂಸ್ಥೆಗಳ ಸೌಕರ್ಯಗಳೂ ದೊಡ್ಡವು. ಆದರೆ ಕೆಲವರನ್ನು ಕಂಡು ಲಕ್ಷಾಂತರ ಜನರ ಸ್ಥಿತಿಯನ್ನು ನಿರ್ಣಯಿಸುವುದು ನ್ಯಾಯವಲ್ಲ.

ಈ ಉದ್ಯಮವು ನಮ್ಮಲ್ಲಿ ಬೇರೂರಿ ನಾಲ್ಕು ದಶಕಗಳಾದವು. ಪುಣೆಯಲ್ಲಿ ೧೯೮೧ರಲ್ಲಿ ಹುಟ್ಟಿದ ಇನ್ಫೋಸಿಸ್ ೧೯೮೩ರಲ್ಲಿ ಬೆಂಗಳೂರಿಗೆ ಬಂದಿತು. ೧೯೮೫ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯವರು ಇಲ್ಲಿ ಕೇಂದ್ರವನ್ನು ತೆರೆದು, ಇಲ್ಲಿ ಮಾಡಿದ ಕೆಲಸವನ್ನು ಉಪಗ್ರಹದ ಮೂಲಕ ಸಾಗರದಾಚೆಗೆ ಕಳುಹಿಸಬಹುದೆಂದು ತೋರಿಸಿದರು. ೧೯೯೧ರಲ್ಲಿ ಕೇಂದ್ರ ಸರಕಾರದವರು ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕುಗಳ ಸಂಸ್ಥೆಯನ್ನು ಸ್ಥಾಪಿಸಿದರು. ಅಂದಿನಿಂದ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್, ಹೊರವರ್ತುಲ ರಸ್ತೆಗಳ ಉದ್ದಕ್ಕೂ ಗಾಜಿನ ಕಟ್ಟಡಗಳು ಏಳುತ್ತ ಬಂದಿವೆ. ಅವುಗಳೊಳಗೆ ಕುಳಿತಿರುವವರು ಯಾರು? ಹಾಸನದ ಉಪಾಧ್ಯಾಯರೊಬ್ಬರ ಮಗಳು, ಹಾವೇರಿಯ ರೈತನೊಬ್ಬನ ಮಗ, ರಾಯಚೂರಿನ ಗುಮಾಸ್ತರೊಬ್ಬರ ಮಗ: ಇಂಥವರೇ ಬಹುಸಂಖ್ಯಾತರು. ಬ್ಯಾಂಕಿನ ಸಾಲದಿಂದ ಇಂಜಿನಿಯರಿಂಗ್ ಓದಿ, ಪೇಯಿಂಗ್ ಗೆಸ್ಟ್ ವಸತಿಯ ಒಂದು ಕೋಣೆಯಲ್ಲಿ ಮೂವರಾಗಿ ಮಲಗಿ, ಕೆಲಸವನ್ನು ಪ್ರಾರಂಭಿಸುವರು. ದೊಡ್ಡ ಸೇವಾ ಸಂಸ್ಥೆಗಳಲ್ಲಿ ಹೊಸಬರ ವಾರ್ಷಿಕ ಸಂಬಳವು ಹತ್ತು ಹನ್ನೆರಡು ವರ್ಷಗಳ ಹಿಂದೆಯೇ ಮೂರು ಲಕ್ಷವನ್ನು ದಾಟಿತ್ತು. ಆಮೇಲೆ ಅದು ಮೂರೂವರೆ ಲಕ್ಷದ ಆಸುಪಾಸಿನಲ್ಲಿಯೇ ತೆವಳುತ್ತ ಬಂದಿತು. ಇಷ್ಟರಲ್ಲಿ ಅಕ್ಕಿ, ಬಾಡಿಗೆ, ಬಸ್ಸಿನ ದರಗಳು ಎಷ್ಟು ಏರಿದವೆಂಬುದನ್ನು ಗೃಹಸ್ಥರಾದ ವಾಚಕರಿಗೆ ನಾವು ಹೇಳಬೇಕಾಗಿಲ್ಲ.

ಇವರ ಒಂದು ದಿನವನ್ನು ನೋಡೋಣ. ಬೆಳಿಗ್ಗೆ ಹತ್ತರ ಸುಮಾರಿಗೆ ತಂಡದವರೆಲ್ಲ ಸೇರುವ ಸಭೆ. ಅದಕ್ಕೆ ಸ್ಟ್ಯಾಂಡ್‌ಅಪ್ ಎಂದು ಹೆಸರು. ನಿಂತುಕೊಂಡೇ ಮುಗಿಸುವಷ್ಟು ಚಿಕ್ಕದಾಗಿರಲೆಂದು ಇಟ್ಟ ಹೆಸರು. ನಿನ್ನೆ ಏನು ಮಾಡಿದೆ, ಇಂದು ಏನು ಮಾಡುವೆ, ಅಡ್ಡಿಯೇನು ಎಂಬ ಮೂರು ಪ್ರಶ್ನೆಗಳಿಗೆ ಪ್ರತಿಯೊಬ್ಬನೂ ಉತ್ತರವೀಯಬೇಕು. ಮಾಡಬೇಕಾದ ಒಂದೊಂದು ಕೆಲಸಕ್ಕೂ ಒಂದೊಂದು ಟಿಕೆಟ್ ಇರುವುದು. ಎರಡು ವಾರಗಳ ಗಡುವಿನೊಳಗೆ ಇಂತಿಷ್ಟು ಟಿಕೆಟುಗಳು ಮುಗಿಯಬೇಕೆಂದು ಮೊದಲೇ ಗೊತ್ತುಮಾಡಿರುವರು. ಸಭೆ ಮುಗಿದ ಮೇಲೆ ನಿಜವಾದ ಕೆಲಸ. ಹೊರಗಿನವರು ಅದನ್ನು ಬೆರಳಚ್ಚಿನ ಕೆಲಸವೆಂದು ತಿಳಿದಿರುವರು. ವಾಸ್ತವದಲ್ಲಿ ಅದು ಹೆಚ್ಚಾಗಿ ಓದುವ ಕೆಲಸ. ಹತ್ತು ವರ್ಷಗಳ ಹಿಂದೆ ಬೇರೆ ಯಾರೋ ಬರೆದು, ಕೆಲಸ ಬಿಟ್ಟು ಹೋದ ಸಾವಿರಾರು ಸಾಲುಗಳ ಕೋಡ್ ಅವನ ಮುಂದಿರುವುದು. ಹೊಸದಾಗಿ ವರ್ಗವಾಗಿ ಬಂದ ಶ್ಯಾನುಭೋಗನು ಹಿಂದಿನವನ ಕಡತಗಳನ್ನು ಬಿಚ್ಚಿ, ಯಾವ ಹೊಲದ ಗಡಿಯನ್ನು ಯಾವ ಕಾರಣಕ್ಕಾಗಿ ಹೀಗೆ ಬರೆದನೆಂದು ತಲೆ ಕೆರೆದುಕೊಳ್ಳುತ್ತಿದ್ದಂತೆ ಇವನೂ ತಲೆ ಕೆರೆದುಕೊಳ್ಳುವನು. ಕಾರಣ ತಿಳಿಯದೆ ಒಂದು ಸಾಲನ್ನು ತಿದ್ದಿದರೆ ಇನ್ನೆಲ್ಲಿಯೋ ಹತ್ತು ಕಡೆ ಕೆಡುವುದು. ತಿಳಿದು ತಿದ್ದಿದ ಮೇಲೆ ಪರೀಕ್ಷೆ ನಡೆಯಬೇಕು. ಆ ಮೇಲೆ ಸಹೋದ್ಯೋಗಿಗಳು ಅದನ್ನು ಓದಿ ಒಪ್ಪಬೇಕು. ಕಚೇರಿಯ ಅನುಭವವಿದ್ದವರಿಗೆ ಇದು ಹೊಸದಲ್ಲ: ಗುಮಾಸ್ತನ ಕರಡು ಮೇಲಿನ ಮೇಜುಗಳನ್ನು ಹತ್ತಿ, ಅಂಚಿನಲ್ಲಿ ಟಿಪ್ಪಣಿ ಹೊತ್ತು ಕೆಳಗಿಳಿದು, ತಿದ್ದುಪಡಿಯಾಗಿ ಮತ್ತೆ ಹತ್ತುವ ಹಾಗೆಯೇ.

ಈ ಕೆಲಸದ ಸ್ವರೂಪವನ್ನು ಕುರಿತು ಅರ್ಧ ಶತಮಾನದ ಹಿಂದೆಯೇ ತಿಳಿದವರು ಬರೆದಿರುವರು. ಐಬಿಎಂ ಸಂಸ್ಥೆಯ ಬೃಹತ್ತಾದ ತಂತ್ರಾಂಶ ಕಾರ್ಯವೊಂದನ್ನು ನಡೆಸಿದ ಫ್ರೆಡ್ ಬ್ರೂಕ್ಸ್ ಅವರು ೧೯೭೫ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ಒಟ್ಟು ಕಾಲದ ಮೂರನೆಯ ಒಂದು ಪಾಲನ್ನು ಯೋಜನೆಗೂ ಅರ್ಧವನ್ನು ಪರೀಕ್ಷೆಗೂ ಮೀಸಲಿಟ್ಟು, ಬರೆಯುವುದಕ್ಕೆ ಆರನೆಯ ಒಂದು ಪಾಲನ್ನು ಮಾತ್ರ ಗೊತ್ತುಮಾಡಿದರು. ತಡವಾದ ಕೆಲಸಕ್ಕೆ ಇನ್ನಷ್ಟು ಜನರನ್ನು ಹಚ್ಚಿದರೆ ಅದು ಮತ್ತಷ್ಟು ತಡವಾಗುವುದೆಂದೂ ಅವರು ಅನುಭವದಿಂದ ಕಂಡುಕೊಂಡರು. ೧೯೮೭ರಲ್ಲಿ ಟಾಮ್ ಡಿಮಾರ್ಕೊ ಮತ್ತು ಟಿಮ್ ಲಿಸ್ಟರ್ ಎಂಬ ಇಬ್ಬರು, ಇಂಥ ಕೆಲಸದಲ್ಲಿ ಮನಸ್ಸು ನೆಲೆಗೊಳ್ಳಲು ಕಾಲು ಗಂಟೆಯಾದರೂ ಬೇಕೆಂದೂ ಒಂದು ದೂರವಾಣಿಯ ಕರೆ ಬಂದರೆ ಆ ಕಾಲು ಗಂಟೆ ಮತ್ತೆ ಮೊದಲಿನಿಂದ ಪ್ರಾರಂಭವಾಗುವುದೆಂದೂ ತೋರಿಸಿದರು. ೨೦೦೧ರಲ್ಲಿ ಅಮೆರಿಕದ ಯೂಟಾ ಪ್ರಾಂತದಲ್ಲಿ ಹದಿನೇಳು ಮಂದಿ ತಜ್ಞರು ಸೇರಿ ಸಾರಿದ ತತ್ತ್ವಗಳಲ್ಲಿ, ಯಾವ ವೇಗವನ್ನು ದಣಿಯದೆ ಬಹುಕಾಲ ಕಾಯ್ದುಕೊಳ್ಳಬಹುದೋ ಆ ವೇಗದಲ್ಲಿಯೇ ಕೆಲಸ ಸಾಗಬೇಕೆಂಬುದೂ ಒಂದು. ನಮ್ಮ ಕಂಪನಿಗಳು ಆ ತಜ್ಞರಿಂದ ಬೆಳಗಿನ ಸಭೆಯನ್ನೂ ಎರಡು ವಾರಗಳ ಗಡುವನ್ನೂ ಕಲಿತುಕೊಂಡವು. ವೇಗದ ಮಾತನ್ನು ಮಾತ್ರ ಕಲಿಯಲು ಮರೆತವು.

ಆಯಾಸಗೊಂಡ ಬುದ್ಧಿಯು ನಿಂತುಹೋಗುವುದಿಲ್ಲ, ತಪ್ಪು ಮಾಡುವುದು. ಇದೇ ಇಲ್ಲಿಯ ಅಪಾಯ. ಇಟ್ಟಿಗೆ ಹೊರುವವನು ದಣಿದರೆ ಹತ್ತರ ಬದಲು ಆರು ಇಟ್ಟಿಗೆ ಹೊತ್ತಾನು. ಆ ಆರು ಇಟ್ಟಿಗೆಗಳಾದರೂ ಗೋಡೆಗೆ ಸೇರುವುವು. ತಂತ್ರಾಂಶ ಬರೆಯುವವನು ದಣಿದಾಗ ಬರೆದ ಸಾಲು ಗೋಡೆಯಲ್ಲಿ ಬಿರುಕಾಗಿ ಉಳಿಯುವುದು. ಅಮೆರಿಕದವರು ದಿನಾಂಕ ಬರೆಯುವಾಗ ತಿಂಗಳನ್ನು ಮೊದಲು ಬರೆಯುವರು, ನಾವು ದಿನವನ್ನು ಮೊದಲು ಬರೆಯುವೆವು. ಏಪ್ರಿಲ್ ಮೂರನ್ನು ಮಾರ್ಚ್ ನಾಲ್ಕೆಂದು ಓದುವ ಒಂದು ಸಾಲನ್ನು ನಡುರಾತ್ರಿ ತೂಕಡಿಸುತ್ತ ಬರೆದರೆ, ಅದನ್ನು ಹುಡುಕಿ ತೆಗೆಯಲು ಮರುದಿನ ಮೂವರ ಬೆಳಗು ಹಾಳಾಗುವುದು. ಇಂದು ಬ್ಯಾಂಕು, ರೈಲು, ಆಸ್ಪತ್ರೆ, ಖಜಾನೆಗಳೆಲ್ಲವೂ ಈ ಸಾಲುಗಳ ಮೇಲೆಯೇ ನಿಂತಿವೆ. ೨೦೨೪ರ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯು ಕಳುಹಿಸಿದ ದೋಷಪೂರ್ಣವಾದ ಒಂದು ಪರಿಷ್ಕರಣದಿಂದ ಜಗತ್ತಿನಾದ್ಯಂತ ಸುಮಾರು ೮೫ ಲಕ್ಷ ಕಂಪ್ಯೂಟರುಗಳು ಸ್ತಬ್ಧವಾದವು; ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಿಂದ ಬರೆದ ಚೀಟಿಗಳನ್ನು ಕೊಡಬೇಕಾಯಿತು. ಆ ದೋಷಕ್ಕೆ ಆಯಾಸವೇ ಕಾರಣವೆಂದು ನಾವು ಹೇಳುವುದಿಲ್ಲ. ಒಂದು ಚಿಕ್ಕ ತಪ್ಪಿನ ಬೆಲೆ ಎಷ್ಟು ದೊಡ್ಡದಾಗಬಹುದೆಂಬುದಕ್ಕೆ ಅದು ನಿದರ್ಶನ.

ಸಂಜೆಯಾದರೆ ಕೆಲಸ ಮುಗಿಯಿತೆ? ಅಲ್ಲಿಯೇ ಈ ವೃತ್ತಿಯ ನಿಜವಾದ ಸಂಕಟವಿರುವುದು. ಬೆಂಗಳೂರಿನಲ್ಲಿ ರಾತ್ರಿ ಒಂಬತ್ತು ಗಂಟೆಯಾದಾಗ ಕ್ಯಾಲಿಫೋರ್ನಿಯದಲ್ಲಿ ಬೇಸಿಗೆಯಲ್ಲಾದರೆ ಬೆಳಿಗ್ಗೆ ಎಂಟೂವರೆ, ಚಳಿಗಾಲದಲ್ಲಾದರೆ ಏಳೂವರೆ. ಅಲ್ಲಿಯ ಗಿರಾಕಿ ಕಾಫಿ ಕುಡಿದು ಕುರ್ಚಿಗೆ ಬರುವ ಹೊತ್ತಿಗೆ ಇಲ್ಲಿಯವನು ಊಟದ ತಟ್ಟೆಯನ್ನು ಬದಿಗಿಟ್ಟು ಸಭೆಗೆ ಕೂರಬೇಕು. ಸರದಿಯ ಮೇಲೆ ವಾರಕ್ಕೊಬ್ಬನು ರಾತ್ರಿಯಿಡೀ ಫೋನನ್ನು ತಲೆದಿಂಬಿನ ಬಳಿ ಇಟ್ಟುಕೊಂಡು ಮಲಗಬೇಕು. ಎಲ್ಲಿಯಾದರೂ ಯಂತ್ರ ಕೆಟ್ಟರೆ ಎದ್ದು ಸರಿಪಡಿಸಬೇಕು. ಹಿಂದೆ ಗಿರಣಿಯ ಸೀಟಿ ಕೂಗಿದರೆ ಕೂಲಿಕಾರನ ದುಡಿಮೆ ಮುಗಿಯುತ್ತಿತ್ತು. ಮಗ್ಗವನ್ನು ಅವನು ಮನೆಗೆ ಹೊತ್ತು ಒಯ್ಯುತ್ತಿರಲಿಲ್ಲ. ಇವನ ಮಗ್ಗವೋ ಬೆನ್ನ ಮೇಲಿನ ಚೀಲದಲ್ಲಿಯೇ ಇರುವುದು. ೨೦೨೦ರ ಮಾರ್ಚಿಯಲ್ಲಿ ಕೋವಿಡ್ ಪಿಡುಗಿನ ನಿಮಿತ್ತ ಕಚೇರಿಗಳು ಮುಚ್ಚಿದಾಗ ಆ ಮಗ್ಗವು ಊರಿನ ಮನೆಯ ಪಡಸಾಲೆಗೂ ಬಂದಿತು. ಮಗನು ಹತ್ತಿರದಲ್ಲಿರುವನೆಂದು ಹಿರಿಯರು ಹಿಗ್ಗಿದರು. ಕಿವಿಗೆ ಸಾಧನ ಸಿಕ್ಕಿಸಿಕೊಂಡು ಅಪರಾತ್ರಿಯವರೆಗೆ ಪರಭಾಷೆಯಲ್ಲಿ ಮಾತನಾಡುವ ಅವನನ್ನು ಕಂಡಾಗ ಅವನ ದುಡಿಮೆ ಎಂಥದೆಂಬುದು ಅವರಿಗೂ ಅರಿವಾಯಿತು. ಮದುವೆಯಾದ ಹೆಣ್ಣುಮಕ್ಕಳ ಪಾಡಂತೂ ಇನ್ನೂ ಕಠಿಣ: ಒಲೆ, ಮಗು, ಗಿರಾಕಿ ಮೂರೂ ಒಂದೇ ಹೊತ್ತಿನಲ್ಲಿ ಕರೆಯುವುದುಂಟು.

ಈಗ ಕಾಯಿದೆಯ ಲೆಕ್ಕಕ್ಕೆ ಬರೋಣ. ನಮ್ಮ ರಾಜ್ಯದ ೧೯೬೧ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯು ದಿನಕ್ಕೆ ಒಂಬತ್ತು, ವಾರಕ್ಕೆ ೪೮ ಗಂಟೆಗಳ ಮಿತಿಯನ್ನು ವಿಧಿಸಿತು. ಹೆಚ್ಚಿನ ದುಡಿಮೆಯೂ ಸೇರಿ ದಿನಕ್ಕೆ ಹತ್ತು ಗಂಟೆ ಮೀರಬಾರದೆಂದಿತು. ಅಂಥ ಹೆಚ್ಚಿನ ದುಡಿಮೆಗೆ ಮೂರು ತಿಂಗಳಲ್ಲಿ ೫೦ ಗಂಟೆಗಳ ಎಲ್ಲೆಯನ್ನು ಹಾಕಿ, ಅದಕ್ಕೆ ಇಮ್ಮಡಿ ದರದಲ್ಲಿ ಸಂಬಳ ಕೊಡಬೇಕೆಂದಿತು. ೨೦೨೫ರ ಪ್ರಸ್ತಾಪವು ಒಂಬತ್ತನ್ನು ಹತ್ತಕ್ಕೂ, ಹತ್ತನ್ನು ಹನ್ನೆರಡಕ್ಕೂ, ಐವತ್ತನ್ನು ೧೪೪ಕ್ಕೂ ಏರಿಸಲು ಹೊರಟಿತು. ಮೂರು ತಿಂಗಳಿಗೆ ಹದಿಮೂರು ವಾರಗಳು. ೧೪೪ನ್ನು ಹದಿಮೂರರಿಂದ ಭಾಗಿಸಿದರೆ ವಾರಕ್ಕೆ ಹನ್ನೊಂದು ಗಂಟೆಗಳಾಗುವುವು. ೪೮ಕ್ಕೆ ಇವನ್ನು ಕೂಡಿಸಿದರೆ ೫೯.

ಈ ಐವತ್ತೊಂಬತ್ತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಪರಕೀಯರ ಆಳ್ವಿಕೆಯಲ್ಲಿ, ೧೯೨೨ರ ಕಾರ್ಖಾನೆ ಕಾಯಿದೆಯು ಹಿಂದೂಸ್ಥಾನದ ಗಿರಣಿ ಕೂಲಿಕಾರನಿಗೆ ಗೊತ್ತುಮಾಡಿದ ವಾರದ ಮಿತಿ ೬೦ ಗಂಟೆ; ದಿನದ ಮಿತಿ ಹನ್ನೊಂದು. ೧೯೧೯ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ವಾರಕ್ಕೆ ೪೮ ಗಂಟೆಯೆಂದು ನಿರ್ಣಯಿಸಿದಾಗಲೂ ಹಿಂದೂಸ್ಥಾನಕ್ಕೆ ಅರವತ್ತೇ ಸಾಕೆಂದು ಅಪವಾದ ಮಾಡಿದರು. ಆ ತಾರತಮ್ಯವನ್ನು ತೊಡೆಯಲು ನಮ್ಮವರಿಗೆ ಕಾಲು ಶತಮಾನ ಹಿಡಿಯಿತು. ೧೯೩೪ರ ಕಾಯಿದೆಯಲ್ಲಿ ಅರವತ್ತು ಹೋಗಿ ೫೪ ಬಂದಿತು, ಡಾ. ಅಂಬೇಡ್ಕರ್ ಅವರು ವೈಸರಾಯರ ಕಾರ್ಯಕಾರೀ ಮಂಡಲದ ಕಾರ್ಮಿಕ ಸದಸ್ಯರಾಗಿದ್ದಾಗ ಮಂಡಿಸಿದ ಮಸೂದೆಯಿಂದ ೧೯೪೬ರಲ್ಲಿ ಅದು ೪೮ಕ್ಕೆ ಇಳಿಯಿತು. ಸ್ವತಂತ್ರ ಭಾರತದ ೧೯೪೮ರ ಕಾಯಿದೆಯು ಅದನ್ನು ಸ್ಥಿರಪಡಿಸಿತು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಗಳಿಸಿದುದನ್ನು ನಾವೇ ಆರಿಸಿದ ಸರಕಾರದವರು ಬಿಟ್ಟುಕೊಟ್ಟು, ೧೯೨೨ರ ಹೊಸ್ತಿಲಿಗೆ ಒಂದೇ ಗಂಟೆಯಷ್ಟು ಈಚೆಗೆ ನಮ್ಮ ಯುವಕರನ್ನು ನಿಲ್ಲಿಸುವುದಾದರೆ ಅದನ್ನು ಸುಧಾರಣೆಯೆಂದು ಕರೆಯುವುದು ಹೇಗೆ?

ಇನ್ನೊಂದು ಸಂಖ್ಯೆಯೂ ಉಂಟು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು ಕೂಡಿ ೨೦೨೧ರಲ್ಲಿ ಪ್ರಕಟಿಸಿದ ಅಧ್ಯಯನದ ಮೇರೆಗೆ, ವಾರಕ್ಕೆ ೫೫ ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ, ೩೫ರಿಂದ ೪೦ ಗಂಟೆ ದುಡಿಯುವವರಿಗಿಂತ, ಮೆದುಳಿನ ಆಘಾತದ ಸಂಭವವು ಶೇಕಡ ೩೫ರಷ್ಟೂ ಹೃದ್ರೋಗದಿಂದ ಸಾಯುವ ಸಂಭವವು ಶೇಕಡ ೧೭ರಷ್ಟೂ ಹೆಚ್ಚು. ಇಂಥ ದುಡಿಮೆಯಿಂದ ೨೦೧೬ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ೭,೪೫,೦೦೦ ಜನರು ಸತ್ತರೆಂದು ಆ ಸಂಸ್ಥೆಗಳು ಅಂದಾಜು ಮಾಡಿದವು. ಕಾಯಿದೆಯೇ ಐವತ್ತೊಂಬತ್ತಕ್ಕೆ ಒಪ್ಪಿಗೆಯ ಮುದ್ರೆ ಒತ್ತಿದರೆ, ಅಪಾಯದ ಗೆರೆಯನ್ನು ಸರಕಾರದವರೇ ದಾಟಿಸಿದಂತಾಗುವುದು.

ಎದುರು ಪಕ್ಷದ ವಾದವನ್ನು ನಾವು ಅಲಕ್ಷಿಸುವುದಿಲ್ಲ. ನಮ್ಮ ಶಿಡ್ಲಘಟ್ಟದಲ್ಲಿ ಹುಟ್ಟಿ ಈ ಉದ್ಯಮವನ್ನು ಕಟ್ಟಿ ಬೆಳೆಸಿದ ಶ್ರೀ ಎನ್. ಆರ್. ನಾರಾಯಣಮೂರ್ತಿಯವರು ೨೦೨೩ರ ಅಕ್ಟೋಬರಿನಲ್ಲಿ, ದೇಶದ ತರುಣರು ವಾರಕ್ಕೆ ೭೦ ಗಂಟೆ ದುಡಿಯಬೇಕೆಂದು ಹೇಳಿ, ಯುದ್ಧಾನಂತರದ ಜರ್ಮನಿ ಜಪಾನುಗಳನ್ನು ಉದಾಹರಿಸಿದರು. ೨೦೨೫ರ ಜನವರಿಯಲ್ಲಿ ಲಾರ್ಸನ್ ಅಂಡ್ ಟೂಬ್ರೊ ಸಂಸ್ಥೆಯ ಅಧ್ಯಕ್ಷರಾದ ಶ್ರೀ ಎಸ್. ಎನ್. ಸುಬ್ರಹ್ಮಣ್ಯನ್ ಅವರ ಮಾತು ಹೊರಬಿದ್ದು, ಎಪ್ಪತ್ತು ತೊಂಬತ್ತಾಯಿತು, ಭಾನುವಾರವೂ ಸೇರಿತು. ನಾರಾಯಣಮೂರ್ತಿಯವರು ತಾವು ಆಡಿದಂತೆ ತಾವೂ ದುಡಿದವರು. ಅವರ ಶ್ರದ್ಧೆಯಲ್ಲಿ ನಮಗೆ ಸಂದೇಹವಿಲ್ಲ. ಆದರೆ ಎಪ್ಪತ್ತನ್ನು ಆರು ದಿನಗಳಿಗೆ ಹಂಚಿದರೆ ದಿನಕ್ಕೆ ಹನ್ನೊಂದು ಗಂಟೆ ನಲವತ್ತು ನಿಮಿಷ. ಅದು ೧೯೨೨ರ ಗಿರಣಿಯ ಮಿತಿಯನ್ನೂ ಮೀರಿದುದು. ಸ್ವಂತ ಹೊಲವನ್ನು ಉಳುವವನು ಬೆಳದಿಂಗಳಲ್ಲಿಯೂ ನೇಗಿಲು ಹೂಡುವನು. ಬೆಳೆ ಬಂದರೆ ಕಣಜ ಅವನದು. ಸಂಸ್ಥೆಯನ್ನು ಕಟ್ಟಿದವರ ಎಪ್ಪತ್ತು ಗಂಟೆ ಅಂಥದು. ಸಂಬಳದಾಳಿಗೆ ಆ ಕಣಜದಲ್ಲಿ ಪಾಲಿಲ್ಲ. ದೇಶಸೇವೆಯ ಹೆಸರನ್ನು ಹೇಳಿ ಅವನಿಂದ ಇಪ್ಪತ್ತೆರಡು ಗಂಟೆ ಹೆಚ್ಚು ಕೇಳುವವರು, ಆ ಹೆಚ್ಚಿನ ದುಡಿಮೆಯ ಫಲವು ದೇಶಕ್ಕೆ ಎಷ್ಟು, ಕಡಲಾಚೆಯ ಗಿರಾಕಿಗೆ ಎಷ್ಟು, ಷೇರುದಾರರಿಗೆ ಎಷ್ಟು ಸಲ್ಲುವುದೆಂದೂ ಹೇಳಬೇಡವೆ?

ಗಂಟೆಗಳ ಮೇಲೆ ಮಾಲಿಕರಿಗೆ ಇಷ್ಟೊಂದು ಮೋಹವೇಕೆಂಬುದಕ್ಕೆ ಕಾರಣವಿದೆ. ನಮ್ಮ ಸೇವಾ ಸಂಸ್ಥೆಗಳು ಬಹುಕಾಲ ಮಾರುತ್ತ ಬಂದಿರುವುದು ಜನರ ಹೊತ್ತನ್ನು. ಇಷ್ಟು ಜನ, ಇಷ್ಟು ಗಂಟೆ, ಗಂಟೆಗೆ ಇಷ್ಟು ಡಾಲರು ಎಂಬುದು ಅವರ ಕರಾರು. ಹಲವು ಕಡೆ ನೌಕರನ ಹಾಳೆಯಲ್ಲಿ ದಿನಕ್ಕೆ ಎಂಟೋ ಒಂಬತ್ತೋ ಗಂಟೆ ಮಾತ್ರ ನಮೂದಾಗುವುದು. ಮಿಕ್ಕ ಎರಡು ಮೂರು ಗಂಟೆಗಳಿಗೆ ಇಮ್ಮಡಿ ಸಂಬಳವಿರಲಿ, ಲೆಕ್ಕವೇ ಇರುವುದಿಲ್ಲ. ಇರುವ ಮಿತಿಯನ್ನೇ ಪಾಲಿಸದವರಿಗೆ ಮಿತಿಯನ್ನು ಏರಿಸಿಕೊಡುವುದೆಂದರೆ, ತೂಕದಲ್ಲಿ ಮೋಸ ಮಾಡುವ ವರ್ತಕನಿಗೆ ಸೇರನ್ನೇ ಚಿಕ್ಕದು ಮಾಡಿಕೊಟ್ಟಂತೆ.

ಕಾಯಿದೆಯಿಂದ ನುಣುಚಿಕೊಳ್ಳುವ ದಾರಿಗಳೂ ಇಲ್ಲದಿಲ್ಲ. ಇಪ್ಪತ್ತೆಂಟು ವರ್ಷದ ತರುಣನಿಗೆ ಮ್ಯಾನೇಜರ್ ಎಂಬ ಬಿರುದು ದೊರೆಯುವುದು. ಅವನ ಕೈಕೆಳಗೆ ಒಬ್ಬನೂ ಇಲ್ಲದಿದ್ದರೂ, ಅವನು ಕಾರ್ಮಿಕನಲ್ಲವೆಂದು ವಾದಿಸಲು ಆ ಬಿರುದು ಸಾಕಾಗುವುದು. ಕೆಲಸದ ನಿಯಮಗಳನ್ನೂ ಶಿಸ್ತಿನ ಕ್ರಮಗಳನ್ನೂ ಬರೆದು ಪ್ರಕಟಿಸಬೇಕೆಂದು ವಿಧಿಸಿದ ೧೯೪೬ರ ಸ್ಥಾಯೀ ಆಜ್ಞೆಗಳ ಕಾಯಿದೆಯಿಂದ ಈ ಉದ್ಯಮಕ್ಕೆ ರಾಜ್ಯ ಸರಕಾರದವರು ೨೦೧೪ರಲ್ಲಿ ಐದು ವರ್ಷ, ೨೦೧೯ರಲ್ಲಿ ಮತ್ತೆ ಐದು ವರ್ಷ ವಿನಾಯಿತಿ ಕೊಟ್ಟರು. ನೌಕರರ ದೂರುಗಳನ್ನು ವಿಚಾರಿಸುವ ಸಮಿತಿಯಿರಬೇಕು, ವಜಾ ಮಾಡಿದುದನ್ನು ಇಲಾಖೆಗೆ ತಿಳಿಸಬೇಕು ಎಂಬ ಷರತ್ತುಗಳು ಅದರೊಡನೆ ಇದ್ದವು. ೨೦೨೫ರ ನವೆಂಬರ್ ೨೧ರಂದು ಕೇಂದ್ರ ಸರಕಾರದವರು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದರು. ಹಳೆಯ ಕಾಯಿದೆಗಳ ಸ್ಥಾನಕ್ಕೆ ಅವು ಬಂದಿವೆ. ಹೆಸರು ಯಾವುದಾದರೂ ಆಗಲಿ, ಪಾಲನೆಯನ್ನು ನೋಡಿಕೊಳ್ಳುವ ಅಧಿಕಾರಿ ಗಾಜಿನ ಬಾಗಿಲನ್ನು ದಾಟಿ ಒಳಗೆ ಹೋಗದಿದ್ದರೆ ಸಂಹಿತೆಯೂ ಕಾಗದವೇ.

ಇದರ ಮೇಲೆ ಭಯವೊಂದು ಸೇರಿಕೊಂಡಿದೆ. ೨೦೨೨ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಹೊರಬಂದ ಮೇಲೆ, ಕೇಳಿದ ಕೋಡನ್ನು ತಾನೇ ಬರೆದುಕೊಡುವ ಯಂತ್ರಬುದ್ಧಿಯು ಎಲ್ಲರ ಮೇಜಿಗೂ ಬಂದಿತು. ಅದರಿಂದ ಉಪಯೋಗ ಇಲ್ಲವೆನ್ನುವವರು ಯಾರೂ ಇಲ್ಲ. ಆದರೆ ಯಂತ್ರವು ಬರೆದುದನ್ನು ಓದಿ, ತಪ್ಪು ಹುಡುಕಿ, ತನ್ನ ಹೆಸರಿನ ಮೇಲೆ ಹೊಣೆ ಹೊರಬೇಕಾದವನು ಮನುಷ್ಯನೇ. ಬರೆಯುವ ಶ್ರಮ ಕಡಮೆಯಾದಷ್ಟೂ ಓದುವ ಶ್ರಮ ಹೆಚ್ಚುವುದು. ಇತ್ತ ೨೦೨೫ರ ಜುಲೈಯಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಸಂಸ್ಥೆಯವರು ಶೇಕಡ ಎರಡರಷ್ಟು, ಎಂದರೆ ಹನ್ನೆರಡು ಸಾವಿರಕ್ಕೂ ಮೇಲ್ಪಟ್ಟ ನೌಕರರನ್ನು ಕಡಿತಗೊಳಿಸುವುದಾಗಿ ಸಾರಿದರು. ಸಾಲದ ಕಂತು ತೀರದವನು, ಇಂಥ ಸುದ್ದಿಯನ್ನು ಓದಿದ ರಾತ್ರಿ ಎಷ್ಟು ಹೊತ್ತಿಗೆ ಕುರ್ಚಿಯಿಂದ ಎದ್ದಾನು? ತಾನಾಗಿ ಬಿಟ್ಟುಹೋಗುವವನು ಹಲವು ಸಂಸ್ಥೆಗಳಲ್ಲಿ ಮೂರು ತಿಂಗಳ ಮುನ್ಸೂಚನೆ ಕೊಡಬೇಕು; ಕಳುಹಿಸಿಬಿಡುವವರಿಗೆ ಒಂದು ಮಧ್ಯಾಹ್ನ ಸಾಕು. ಭಯದಿಂದ ಕುಳಿತ ಗಂಟೆಗಳನ್ನು ಉತ್ಸಾಹವೆಂದು ಎಣಿಸುವುದು ಮಾಲಿಕರಿಗೂ ಶ್ರೇಯಸ್ಕರವಲ್ಲ.

ನೌಕರರ ದೋಷವನ್ನು ಹೇಳದೆ ಬಿಟ್ಟರೆ ನಮ್ಮ ಮಾತು ಏಕಪಕ್ಷೀಯವಾದೀತು. ತಾವು ಕಾರ್ಮಿಕರೆಂದು ಒಪ್ಪಿಕೊಳ್ಳಲು ಇವರಲ್ಲಿ ಅನೇಕರಿಗೆ ಸಂಕೋಚ. ಸಂಘವೆಂಬುದು ಬಸ್ಸಿನ ಕಂಡಕ್ಟರಿಗೂ ಗಿರಣಿಯವನಿಗೂ ತಕ್ಕದ್ದೆಂದೂ, ತಮಗೆ ಕಷ್ಟ ಬಂದರೆ ಬೇರೆ ಕಂಪನಿಗೆ ಹಾರಿದರಾಯಿತೆಂದೂ ಅವರು ತಿಳಿದಿದ್ದರು. ಹಾರಲು ಕೊಂಬೆಗಳಿದ್ದ ಕಾಲದಲ್ಲಿ ಆ ಮಾತು ನಡೆಯಿತು. ಈಗ ಕರ್ನಾಟಕ ರಾಜ್ಯ ಐಟಿ ಮತ್ತು ಐಟಿಇಎಸ್ ನೌಕರರ ಸಂಘವು ಕೆಲಸ ಮಾಡುತ್ತಿರುವುದು. ೨೦೨೪ರಲ್ಲಿಯೂ ೨೦೨೫ರಲ್ಲಿಯೂ ಬೀದಿಗಿಳಿದು ಪ್ರತಿಭಟಿಸಿದವರು ಅದರವರೇ. ಅವರ ಶ್ರಮದ ಫಲವನ್ನು ಎಲ್ಲರೂ ಅನುಭವಿಸುವರು. ಸದಸ್ಯತ್ವದ ಹಣ ಕೊಡುವವರು ಮಾತ್ರ ಕೆಲವರು. ರಾತ್ರಿಯ ಕೆಲಸವನ್ನು ಪೌರುಷದ ಗುರುತೆಂದು ಹೇಳಿಕೊಳ್ಳುವ ಅಭ್ಯಾಸವೂ ಇವರಲ್ಲಿದೆ. ಒಲವಿನಿಂದ ರಾತ್ರಿಯೆಲ್ಲ ಕುಳಿತು ಒಗಟನ್ನು ಬಿಡಿಸುವವನನ್ನು ನಾವು ತಡೆಯುವುದಿಲ್ಲ; ಅದು ಅವನ ಸುಖ. ಒಬ್ಬನ ಸುಖವು ಪಕ್ಕದ ಕುರ್ಚಿಯವನಿಗೆ ಕಟ್ಟಳೆಯಾಗಬಾರದು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ವೇಳೆಯನ್ನು ಹೆಚ್ಚಿಸುವ ಪ್ರಸ್ತಾಪವು ಯಾವ ರೂಪದಲ್ಲಿ ಬಂದರೂ ಸರಕಾರದವರು ಅದನ್ನು ಸ್ವೀಕರಿಸಬಾರದು. ಎರಡನೆಯದಾಗಿ, ಕಚೇರಿಯಲ್ಲಾಗಲಿ ಮನೆಯಲ್ಲಾಗಲಿ ದುಡಿದ ಗಂಟೆಗಳೆಲ್ಲವೂ ಲೆಕ್ಕಕ್ಕೆ ಬರಬೇಕು. ರಾತ್ರಿಯ ಸಭೆಯೂ ಫೋನಿನ ಕಾವಲೂ ದುಡಿಮೆಯೆಂದೇ ಎಣಿಕೆಯಾಗಿ, ಇಮ್ಮಡಿ ದರವೋ ಮರುದಿನದ ಬಿಡುವೋ ದೊರೆಯಬೇಕು. ಗಿರಾಕಿಯ ಸೂರ್ಯನು ಬೇರೆಯಾಗಿರುವುದು ನಿಜ. ಆ ವ್ಯತ್ಯಾಸದ ವೆಚ್ಚವನ್ನು ಲಾಭ ಪಡೆಯುವವರೇ ಹೊರಬೇಕು. ಮೂರನೆಯದಾಗಿ, ವೇಳೆ ಮೀರಿದ ಮೇಲೆ ಬಂದ ಕರೆಗೆ ಉತ್ತರಿಸದಿರುವ ಹಕ್ಕು ಕಾಯಿದೆಯಲ್ಲಿ ಸೇರಬೇಕು. ಫ್ರಾನ್ಸಿನಲ್ಲಿ ೨೦೧೭ರ ಜನವರಿಯಿಂದಲೂ ಆಸ್ಟ್ರೇಲಿಯದಲ್ಲಿ ೨೦೨೪ರ ಆಗಸ್ಟಿನಿಂದಲೂ ಅಂಥ ಕಾಯಿದೆಗಳು ನಡೆದುಬಂದಿವೆ. ನಮ್ಮ ಲೋಕಸಭೆಯಲ್ಲಿ ಶ್ರೀಮತಿ ಸುಪ್ರಿಯಾ ಸುಳೆಯವರು ೨೦೧೮ರಲ್ಲಿಯೇ ಖಾಸಗೀ ಮಸೂದೆಯೊಂದನ್ನು ಮಂಡಿಸಿದ್ದರು. ನಾಲ್ಕನೆಯದಾಗಿ, ಕಾರ್ಮಿಕ ಇಲಾಖೆಯ ಅಧಿಕಾರಿಗಳು ಈ ಕಚೇರಿಗಳ ಲೆಕ್ಕದ ಪುಸ್ತಕಗಳನ್ನು ಕಾಲಕಾಲಕ್ಕೆ ತೆರೆಸಿ ನೋಡಬೇಕು. ಇದಕ್ಕೆ ಹೊಸ ಕಾಯಿದೆ ಬೇಡ, ಇಚ್ಛೆ ಸಾಕು.

ಮಾಲಿಕರಿಗೆ ನಮ್ಮ ವಿನಂತಿ ಒಂದೇ. ನೀವು ಕೊಂಡುಕೊಂಡಿರುವುದು ಬುದ್ಧಿಯ ದುಡಿಮೆಯನ್ನು. ಅದನ್ನು ಕುರ್ಚಿಯ ಮೇಲಿನ ಹೊತ್ತಿನಿಂದ ಅಳೆದರೆ ನಿಮಗೆ ಹೊತ್ತೇ ಸಿಕ್ಕೀತು, ಬುದ್ಧಿ ಸಿಕ್ಕದು. ಸರಕಾರದವರಿಗೆ ಹೇಳುವುದು ಇಷ್ಟು: ಈ ಉದ್ಯಮವು ನಾಡಿಗೆ ಕೀರ್ತಿಯನ್ನೂ ಧನವನ್ನೂ ತಂದಿದೆ, ಅದನ್ನು ತಂದವರು ಇಪ್ಪತ್ತರಿಂದ ನಲವತ್ತರ ಹರೆಯದ ನಮ್ಮ ಮಕ್ಕಳು. ಅವರ ಕಣ್ಣು, ಬೆನ್ನು, ನಿದ್ರೆಗಳನ್ನು ಸವೆಸಿ ಗಳಿಸಿದ ಧನದಿಂದ ಮುಂದೆ ಆಸ್ಪತ್ರೆಗಳನ್ನು ಕಟ್ಟಿಸುವುದಕ್ಕಿಂತ, ರಾತ್ರಿಯ ಊಟವನ್ನು ಅವರು ಮನೆಯವರೊಡನೆ ಕುಳಿತು ಮುಗಿಸುವಂತೆ ಮಾಡುವುದು ಸುಲಭವಾದ ಕಾರ್ಯ. ೧೯೪೬ರಲ್ಲಿ ಪರಾಧೀನ ದೇಶದ ಗಿರಣಿ ಕೂಲಿಕಾರನಿಗೆ ಸಿಕ್ಕಿದ ೪೮ ಗಂಟೆಗಳು ಸ್ವತಂತ್ರ ದೇಶದ ವಿದ್ಯಾವಂತನಿಗೂ ಉಳಿಯಲಿ. ಅದಕ್ಕಿಂತ ಹೆಚ್ಚಿನದನ್ನು ಈ ಹೊತ್ತು ನಾವು ಕೇಳುತ್ತಿಲ್ಲ.